ನಮ್ಮ ಗುಂಡಿಯ ನೀಲಿ ಜೇಡಿಮಣ್ಣಿಗೆ, ಅಕ್ಕನ ನೆಲ ಸಿಡಿದ ಬಗ್ಗೆ

ಮಾನ್ಯರೇ,

ನಮ್ಮ ಹೆಂಚಿನ ಗೂಡಿನ ಹಿಂದಿನ ಗುಂಡಿಯಲ್ಲಿ, ಕಂದು ಮಣ್ಣಿನ ಕೆಳಗೆ, ಹತ್ತು ಸಾವಿರ ವರ್ಷಗಳಿಂದ ಒಂದೇ ಮಗ್ಗುಲಲ್ಲಿ ಮಲಗಿರುವ ತಮ್ಮ ಸನ್ನಿಧಿಗೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತ ಹೆಂಚುಗಾರನ ಅನಂತ ನಮಸ್ಕಾರಗಳು. ನಿದ್ದೆಗೆಡಿಸಿದ್ದಕ್ಕೆ ಕ್ಷಮೆ ಇರಲಿ.

ತಾವು ಸಾಮಾನ್ಯ ಮನೆತನದವರಲ್ಲ ಎಂಬುದು ನನಗೆ ಗೊತ್ತು. ಹಿಂದೆ ಈ ಉತ್ತರದ ಚಳಿನಾಡನ್ನು ಮುಚ್ಚಿದ್ದ ಹಿಮನದಿಯೊಂದು ಬೆಟ್ಟವನ್ನೇ ಬೀಸುಕಲ್ಲಿಗೆ ಹಾಕಿದಂತೆ ಅರೆದು ಹಿಟ್ಟು ಮಾಡಿತು. ಕರಗಿದ ನೀರು ಆ ಹಿಟ್ಟನ್ನು ಸರೋವರಕ್ಕೆ ತಂದು ಸುರಿಯಿತು. ಬೇಸಿಗೆಗೊಂದು ದಪ್ಪ ಪದರ, ಚಳಿಗಾಲಕ್ಕೊಂದು ತೆಳು ಪದರವಾಗಿ ತಾವು ತಳ ಸೇರಿದಿರಿ. ಹಿಮ ಹೋಯಿತು, ಸರೋವರ ಬತ್ತಿತು. ಆಮೇಲೆ ಮಳೆ, ಬೇರು, ಚಳಿ ಮೂವರೂ ಸೇರಿ ತಮ್ಮ ಮೇಲಿನ ಪದರದ ಸುಣ್ಣವನ್ನು ತೊಳೆದು, ಕಬ್ಬಿಣಕ್ಕೆ ತುಕ್ಕು ಹಿಡಿಸಿ, ಹದವಾದ ಕಂದು ಮಣ್ಣು ಮಾಡಿದರು. ಇಷ್ಟು ವರ್ಷಗಳಲ್ಲಿ ಆದ ಕೆಲಸ ಬರೀ ಆರು ಅಡಿ. ತೊಳೆದ ಸುಣ್ಣವೋ, ಕೆಳಗಿಳಿದು ತಮ್ಮ ಮೈಯಲ್ಲೇ ಗಂಟುಗಟ್ಟಿ ಕೂತಿದೆ. ಭೇಷ್!

ನಮ್ಮಪ್ಪ ಇದ್ದಾಗ, "ನೀಲಿ ಕಂಡ ಕೂಡ್ಲೆ ಗುದ್ಲಿ ಎತ್ತಿಡೋ" ಅನ್ನುತ್ತಿದ್ದರು. ನಾನು ಮಹಾ ಬುದ್ಧಿವಂತ ನೋಡಿ, ತಮ್ಮ ನುಣುಪಿಗೆ ಮರುಳಾಗಿ ಅಕ್ಕನ ಹೊಸ ಅಡುಗೆಮನೆಯ ನೆಲಕ್ಕೆ ತಮ್ಮಿಂದಲೇ ಹೆಂಚು ಸುಟ್ಟುಕೊಟ್ಟೆ. ಮೂರು ದಿನ ಲಕ್ಷಣವಾಗಿತ್ತು. ನಾಲ್ಕನೆಯ ದಿನ ಒಳಗಿನ ಸುಣ್ಣದ ಗಂಟುಗಳು ಗಾಳಿಯ ತೇವ ಕುಡಿದು ಉಬ್ಬಿ, ಹೆಂಚುಗಳು ಟಪ್ ಟಪ್ ಎಂದು ಸಿಡಿಯತೊಡಗಿದವು. ಅಕ್ಕ ಫೋನು ಮಾಡಿ, "ಏನೋ, ನೆಲ ಹಾಸಿದ್ಯೋ, ಪಟಾಕಿ ಹಾಸಿದ್ಯೋ?" ಎಂದಳು.

ಅಕ್ಕನ ಬೈಗುಳ ನನಗೇನೂ ಹೊಸದಲ್ಲ, ಬಿಡಿ. ನನ್ನ ಸಂಕಟ ಬೇರೆ. ಉಳಿದ ಕಂದು ಮಣ್ಣು ನನ್ನ ಕಾಲಕ್ಕೆ ಸಾಕು. ಗೂಡನ್ನು ತಾನೇ ನಡೆಸುತ್ತೇನೆಂದು ಹಟ ಹಿಡಿದಿರುವ ಮಗಳ ಕಾಲಕ್ಕೆ ಸಾಲದು. ಅವಳ ಕೈಗೆ ಬರಿಗುಂಡಿ ಕೊಟ್ಟು ಹೋಗಬೇಕಲ್ಲ! ಆದ್ದರಿಂದ ತಾವು ದಯಮಾಡಿ ಬಾಕಿ ಹತ್ತು ಸಾವಿರ ವರ್ಷ ಮಾಗುವುದನ್ನು ಮುಂದಿನ ಬುಧವಾರದೊಳಗೆ ಮುಗಿಸಬೇಕು. ಆಗದಿದ್ದರೆ ಹಿಮನದಿಯವರನ್ನೇ ವಾಪಸು ಕರೆಸಿ, ಈ ಸಲ ಸುಣ್ಣ ಬಿಟ್ಟು, ಇನ್ನೊಮ್ಮೆ ಅರೆಸಿಕೊಡಬೇಕೆಂದು ಕೋರುತ್ತೇನೆ.

ಆರು ಅಡಿ ಮೇಲಿನಿಂದ,
ತಮ್ಮ ವಿಶ್ವಾಸಿ,
ಹೆಂಚುಗಾರ

ವಿ.ಸೂ.: ಪತ್ರ ಓದಿದ ಮಗಳು, "ಅಪ್ಪಾ, ನೀನು ಅರ್ಜಿ ಹಾಕ್ತಾ ಕೂತಿರು" ಎಂದು ಎದ್ದುಹೋಗಿ, ತಮ್ಮನ್ನು ಒಣಗಿಸಿ, ಗಂಟುಗಳನ್ನೆಲ್ಲ ನುಣ್ಣಗೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ ಒಂದು ಹೆಂಚು ಸುಟ್ಟಳು. ಮಾಸಲು ಹಳದಿ ಬಣ್ಣ ಬಂದಿದೆ. ಹನ್ನೆರಡು ದಿನವಾಯಿತು, ಸಿಡಿದಿಲ್ಲ. ಹಿಮನದಿಯವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ನಮ್ಮ ಹುಡುಗಿ ಎರಡು ಮಧ್ಯಾಹ್ನಗಳಲ್ಲಿ ಮುಗಿಸಿದ್ದಾಳೆ. ಆದಕಾರಣ ನನ್ನ ಕೋರಿಕೆಯನ್ನು ವಾಪಸು ಪಡೆದಿದ್ದೇನೆ; ತಾವು ಸೋಮವಾರದಿಂದ ಅವಳ ಕೈಕೆಳಗೆ ಕೆಲಸಕ್ಕೆ ಹಾಜರಾಗತಕ್ಕದ್ದು.