ಮಾಮಿ ಕೇಳಿಸಿಕೊಂಡ ಇಂಗ್ಲಿಷ್

ನನ್ನ ಅತ್ತೆಗೆ ಇಂಗ್ಲಿಷಿನ ಮೊದಲ ಅಕ್ಷರ ತೋರಿಸಿದರೆ ‘ಇದೆಂತ, ಏಣಿಯಾ?’ ಎಂದು ಕೇಳಿಯಾರು. ಅಂಥವರು ನನ್ನನ್ನು ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸು ಮಾಡಿಸಿದರು ಎಂದರೆ ನೀವು ನಂಬುತ್ತೀರಾ? ಬೇಡ, ಈಗಲೇ ನಂಬಬೇಡಿ. ನಾನೇ ನಂಬಲು ಒಂದು ತಿಂಗಳು ತೆಗೆದುಕೊಂಡಿದ್ದೇನೆ!

ತುಳುವಿನಲ್ಲಿ ಅತ್ತೆಯನ್ನು ಮಾಮಿ ಎನ್ನುತ್ತೇವೆ. ನಮ್ಮ ಮಾಮಿ ನಲವತ್ತು ವರ್ಷ ಬೆಳಗ್ಗೆ ಎದ್ದು ಬಂದರಿನ ಧಕ್ಕೆಗೆ ಹೋಗಿ, ದೋಣಿಯಿಂದ ಇಳಿದ ಮೀನನ್ನು ಏಲಂನಲ್ಲಿ, ಎಂದರೆ ಹರಾಜಿನಲ್ಲಿ, ಕೂಗಿ ಹಿಡಿದು, ಕಂಕನಾಡಿ ಮಾರ್ಕೆಟಿನಲ್ಲಿ ಕೂತು ಮಾರಿದವರು. ಮೊಣಗಂಟು ನೋವಿನಿಂದಾಗಿ ಎರಡು ವರ್ಷಗಳಿಂದ ಕುದ್ರೋಳಿಯ ಮನೆಯಲ್ಲೇ ಇದ್ದಾರೆ. ಆದರೆ ಸ್ವರ ಇನ್ನೂ ಮಾರ್ಕೆಟ್ ಬಿಟ್ಟು ಬಂದಿಲ್ಲ. ಅವರು ಪಕ್ಕದ ಮನೆಯವಳ ಕಿವಿಯಲ್ಲಿ ಗುಟ್ಟು ಹೇಳಿದರೆ ಮೂರನೇ ಮನೆಯವಳು ಉತ್ತರ ಕೊಡುತ್ತಾಳೆ! (ಅವರು ಆಡುವುದೆಲ್ಲ ತುಳು. ಕನ್ನಡಕ್ಕೆ ತರುವಾಗ ರುಚಿ ಕೆಟ್ಟಿದ್ದರೆ ತಪ್ಪು ನನ್ನದು.)

ನಾನು ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನ ಇಂಗ್ಲಿಷ್ ಬಗ್ಗೆ ನನಗೆ ಭಾರೀ ಅಭಿಮಾನವಿತ್ತು. ‘ಯೆಸ್ ಡಾಕ್ಟರ್’, ‘ಓಕೆ ಡಾಕ್ಟರ್’, ‘ಪೇಷಂಟ್ ಈಸ್ ಸ್ಟೇಬಲ್ ಡಾಕ್ಟರ್’. ಈ ಮೂರು ವಾಕ್ಯಗಳಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದವಳು ನಾನು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಹೊರದೇಶದ ರೋಗಿಗಳಿಗೆಂದೇ ಹೊಸ ವಿಭಾಗ ಶುರುವಾಯಿತು. ಅಲ್ಲಿ ಸೇರಿದರೆ ರಾತ್ರಿ ಪಾಳಿಯೇ ಇಲ್ಲ! ಹನ್ನೊಂದು ವರ್ಷ ಗೂಬೆಯಂತೆ ಬದುಕಿದವಳಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಉಂಟೇ? ಆದರೆ ಸ್ವರ್ಗದ ಬಾಗಿಲಲ್ಲಿ ಇಂಗ್ಲಿಷ್ ಪರೀಕ್ಷೆ ಕೂತಿತ್ತು.

ಓದುವುದು, ಬರೆಯುವುದು, ಮಾತಾಡುವುದು ಎಲ್ಲ ಪಾಸಾದವು. ಕೇಳುವುದರಲ್ಲಿ ಡುಮ್ಕಿ ಹೊಡೆದೆ. ಒಮ್ಮೆಯಲ್ಲ, ಎರಡು ಸಲ! ಮೊದಲ ಸಲ ‘ಹೆಡ್‌ಫೋನ್ ಸರಿ ಇರಲಿಲ್ಲ’ ಎಂದು ಮನೆಯಲ್ಲಿ ಹೇಳಿದೆ. ಎರಡನೇ ಸಲವೂ ಅದನ್ನೇ ಹೇಳಲು ಹೊರಟಾಗ ಮಾಮಿ, “ಎರಡು ಸಲವೂ ಹೆಡ್‌ಫೋನಿಗೇ ಸೌಖ್ಯ ಇಲ್ಲವಾ? ಕಿವಿಯದ್ದು ಎಂತ ಕತೆ?” ಎಂದರು.

ಮಣ್ಣಗುಡ್ಡೆಯ ಟ್ಯೂಷನ್ ಮೇಡಂ ದಿನಾ ಉಕ್ತಲೇಖನ ಮಾಡಲು ಹೇಳಿದ್ದರು. ಮೊದಲು ಗಂಡನನ್ನು ಕೂರಿಸಿ ವಾಕ್ಯಗಳನ್ನು ಓದಿಸಿದೆ. ನೂರಕ್ಕೆ ನೂರು! ಎರಡು ದಿನ ಹಿಗ್ಗಿದೆ. ಮೂರನೆಯ ದಿನ ಹೊಳೆಯಿತು. ಪರೀಕ್ಷೆ ನಡೆಸುವವರು ನನ್ನ ಗಂಡನನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ. ಅಲ್ಲಿ ಮಾತಾಡುವವರು ಬೇರೆಯೇ ಜನ. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು, ಅರ್ಧ ಶಬ್ದ ನುಂಗಿ, ಇನ್ನರ್ಧ ಉಗಿಯುವವರು!

ಹೀಗಾಗಿ ಮೊಬೈಲಿನಲ್ಲಿ ಅವರ ಧ್ವನಿಯನ್ನೇ ಹಾಕಿ ಕೂತೆ. ವಾಕ್ಯ ಮುಗಿದ ಕೂಡಲೇ ನಿಲ್ಲಿಸಲು ಒಬ್ಬರು ಬೇಕಿತ್ತು. ಎದುರಿಗೆ ಮಾಮಿ ಸಿಗಡಿ ಸುಲಿಯುತ್ತಿದ್ದರು. “ನಾನು ಕಣ್ಣು ಮಾಡಿದಾಗ ಇದನ್ನು ಒತ್ತಿ” ಎಂದು ಮೊಬೈಲನ್ನು ಅವರ ಮುಂದಿಟ್ಟೆ. ಅಂದಿನಿಂದ ನನ್ನ ಮೊಬೈಲನ್ನು ಯಾವ ಬೆಕ್ಕು ಕಂಡರೂ ನೆಕ್ಕುತ್ತದೆ.

ಮೊದಲ ವಾಕ್ಯದಲ್ಲಿ ಒಬ್ಬಳು ಅಂಗಡಿಯಲ್ಲಿ ಏನೋ ಕೇಳುತ್ತಿದ್ದಳು. ನಾನು ಬರೆದದ್ದು: ‘ವಾಟ್ ಎ ಬಾಟಲ್!’ ಎಂಥಾ ಬಾಟಲಿ ಮಾರಾಯ್ರೇ! ಆಶ್ಚರ್ಯಸೂಚಕ ಚಿಹ್ನೆಯನ್ನೂ ಹಾಕಿದ್ದೆ.

“ಅವಳಿಗೆ ಬಾಯಾರಿದೆ. ನೀರು ಕೇಳ್ತಾ ಇದ್ದಾಳೆ” ಎಂದರು ಮಾಮಿ, ಸಿಗಡಿಯಿಂದ ಕಣ್ಣೆತ್ತದೆ.

“ನಿಮಗೆ ಹೇಗೆ ಗೊತ್ತು?”

“ಗಂಟಲು ಒಣಗಿದ್ದು ಕೇಳುವುದಿಲ್ಲವಾ?”

ಉತ್ತರ ತೆರೆದು ನೋಡಿದೆ. ‘ವಾಟರ್ ಬಾಟಲ್’! ಕಾಕತಾಳೀಯ ಎಂದುಕೊಂಡು ಮುಂದೆ ಹೋದೆ. ಈಜು ಕಲಿಸುವ ಒಬ್ಬಾಕೆ ಕೋಣೆಯ ಸಂಖ್ಯೆ ಹೇಳಿದಳು. ನಾನು ಮೂವತ್ತು ಎಂದು ಬರೆದೆ.

“ಹದಿಮೂರು” ಎಂದರು ಮಾಮಿ. “ಬಾಲ ಎಳೆದಳಲ್ಲ, ಥರ್ಟೀ...ನ್ ಅಂತ. ಬಾಲ ಉದ್ದ ಉಂಟಾದರೆ ಹದಿಮೂರು, ಕತ್ತರಿಸಿದರೆ ಮೂವತ್ತು. ಗಿರಾಕಿಗಳ ಬಾಯಲ್ಲಿ ಎಷ್ಟು ಕೇಳಿಲ್ಲ ನಾನು!”

ಅದೂ ಸರಿ! ಇನ್ನೊಬ್ಬ ಬಸ್ಸಿನ ಸಮಯ ಹೇಳಿ, ‘ಸಾರಿ’ ಎಂದು ತಿದ್ದಿಕೊಂಡ. ನಾನು ಮೊದಲು ಹೇಳಿದ್ದನ್ನೇ ಬರೆದು ಹೆಮ್ಮೆಯಿಂದ ಪೆನ್ನು ಕೆಳಗಿಟ್ಟಿದ್ದೆ. ಮಾಮಿ ಮುಖ ಸಿಂಡರಿಸಿದರು. “ಇವನು ಮಾತು ಬದಲಿಸಿದ. ಇಂಥವನಿಗೆ ನಾನು ಮೀನು ಕೊಡುವುದೇ ಇಲ್ಲ.”

ಹೇಳಿ, ನನ್ನ ಅವಸ್ಥೆ ಹೇಗಿದ್ದೀತು? ಪದವಿ ಪಡೆದ ಸೊಸೆ ಮೂರು ಸಲ ತಪ್ಪು, ಶಾಲೆಯ ಹೊಸ್ತಿಲು ತುಳಿಯದ ಅತ್ತೆ ಮೂರು ಸಲ ಸರಿ!

“ನಿನ್ನದು ಎಂತ ಗೊತ್ತುಂಟಾ?” ಎಂದರು ಅವರು ಕೊನೆಗೆ. “ಅವರು ಬಾಯಿ ತೆರೆಯುವ ಮೊದಲೇ ನೀನು ಉತ್ತರ ರೆಡಿ ಮಾಡಿ ಇಡ್ತಿ. ಮತ್ತೆ ಕಿವಿಗೆ ಜಾಗ ಎಲ್ಲಿ ಉಂಟು? ಏಲಂನಲ್ಲಿ ಹಾಗೆ ಮಾಡಿದರೆ ಬಂಗುಡೆ ಇನ್ನೊಬ್ಬಳ ಬುಟ್ಟಿಗೆ ಹೋಗ್ತದೆ.”

ನನಗೆ ಸಿಟ್ಟು ಬಂತು. ಸತ್ಯ ಕೇಳಿದಾಗ ನನಗೆ ಮೊದಲು ಬರುವುದು ಅದೇ.

ಆದರೂ ಪ್ರತಿ ಮಧ್ಯಾಹ್ನ ಕೂತೆವು. ರಾತ್ರಿ ಪಾಳಿ ಮುಗಿಸಿ, ನಿದ್ದೆ ತೆಗೆದು ನಾನು ಏಳುವ ಹೊತ್ತಿಗೆ ಮಾಮಿ ಕೈ ತೊಳೆದು, ಮೊಬೈಲಿನ ಮುಂದೆ ತಯಾರಾಗಿರುತ್ತಿದ್ದರು. ಅವರು ಆ ಧ್ವನಿಗಳಿಗೆಲ್ಲ ಮನುಷ್ಯರೂಪ ಕೊಟ್ಟಿದ್ದರು. “ಇವತ್ತು ಆ ಮೂಗಿನಲ್ಲಿ ಮಾತಾಡುವವ ಬರ್ತಾನಾ?” ಎಂದು ಕೇಳುವರು. ಕೊಡೆ ಕಳೆದುಕೊಂಡ ಮುದುಕಿಯೊಬ್ಬಳ ಸಂಭಾಷಣೆ ಅರ್ಧಕ್ಕೇ ಮುಗಿದಾಗ ಎರಡು ದಿನ ಚಡಪಡಿಸಿದರು. “ಕೊಡೆ ಸಿಕ್ಕಿತಾ ಇಲ್ಲವಾ? ಹೇಳದೆ ಹೋದರಲ್ಲ! ಇದೆಂಥಾ ಪರೀಕ್ಷೆ ಮಾರಾಯ್ತಿ, ಮಳೆಗಾಲದಲ್ಲಿ ಅವಳು ಎಂತ ಮಾಡ್ಬೇಕು?” ಸಿಕ್ಕಿತು ಎಂದು ನಾನೇ ಸುಳ್ಳು ಹೇಳಿದ ಮೇಲೆ ಆ ದಿನ ಊಟ ಮಾಡಿದರು.

ಮೂರನೇ ಸಲ ಪರೀಕ್ಷೆಗೆ ಕೂತೆ. ಹೆಡ್‌ಫೋನ್ ಹಾಕಿದ ಕೂಡಲೇ ಎಂದಿನಂತೆ ತಲೆಯಲ್ಲಿ ಉತ್ತರಗಳು ಸಾಲುಗಟ್ಟಿದವು. ಅವನ್ನೆಲ್ಲ ಓಡಿಸಿ, ಬಾಯಿ ಮುಚ್ಚಿ ಕೂತೆ. (ನನ್ನನ್ನು ಬಲ್ಲವರಿಗೆ ಇದೆಷ್ಟು ಕಷ್ಟವೆಂದು ಗೊತ್ತು.) ಬಾಲ ಎಳೆದವರ ಬಾಲ ಕೇಳಿಸಿತು, ಮಾತು ಬದಲಿಸಿದವನು ಸಿಕ್ಕಿಬಿದ್ದ. ಹತ್ತು ಹದಿನೈದು ದಿನ ಕಳೆದು ಫಲಿತಾಂಶ ಬಂತು. ಪಾಸು! ಮಾಮಿ ಬೀದಿಗೆಲ್ಲ ಕೇಳುವಂತೆ, “ನಾವು ಪಾಸಾದೆವು!” ಎಂದು ಕೂಗಿದರು. ಆ ‘ನಾವು’ ಲೆಕ್ಕ ಸರಿಯಾಗಿಯೇ ಇತ್ತು.

ಹೊಸ ವಿಭಾಗಕ್ಕೆ ಸೇರಿದೆ. ಹಗಲು ಪಾಳಿ, ರಾತ್ರಿ ನಿದ್ದೆ. ಎರಡು ವಾರ ನಾನು ಮಹಾರಾಣಿ.

ಒಂದು ಸಂಜೆ ಮನೆಗೆ ಬಂದಾಗ ಮಾಮಿ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. “ಎಂತ ಮಾಮಿ?” ಎಂದು ಕೇಳುತ್ತಾ ಒಳಗೆ ಹೊರಟೆ.

“ಎಂತ ಇಲ್ಲ.”

ಮದುವೆಯಾದಂದಿನಿಂದ ಈ ‘ಎಂತ ಇಲ್ಲ’ವನ್ನು ಎಷ್ಟು ಸಾವಿರ ಸಲ ಕೇಳಿದ್ದೇನೋ. ಕೇಳಿ, ಚಪ್ಪಲಿ ಬಿಟ್ಟು, ಒಳಗೆ ಹೋಗಿದ್ದೇನೆ. ಅಂದು ಕಾಲು ಹೊಸ್ತಿಲಲ್ಲೇ ನಿಂತಿತು. ಮಾರ್ಕೆಟನ್ನೇ ನಡುಗಿಸುವ ಸ್ವರ ಆ ಎರಡು ಶಬ್ದ ಮುಗಿಸಲಾಗದೆ ನಡುವೆ ಎಲ್ಲೋ ಕುಸಿದಿತ್ತು. ಹಿಂದಿರುಗಿ ಬಂದು ಅವರ ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ.

ಅವರೇ ಹೇಳಿದರು. “ಬೆಳಗ್ಗೆ ಬಸ್ ಹತ್ತಿ ಮಾರ್ಕೆಟಿಗೆ ಹೋಗಿದ್ದೆ. ಸುಮ್ಮನೆ, ನೋಡಿ ಬರ್ಲಿಕ್ಕೆ. ನಾನು ಕೂರುವ ಜಾಗದಲ್ಲಿ ಯಾರೋ ಹೊಸ ಹುಡುಗಿ. ‘ಎಂತ ಮೀನು ಬೇಕು ಅಮ್ಮ?’ ಅಂತ ನನ್ನನ್ನೇ ಕೇಳಿದಳು.” ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಮನೆಯಲ್ಲಿ ನಿನ್ನ ಪರೀಕ್ಷೆಯೂ ಮುಗಿಯಿತು. ಮಧ್ಯಾಹ್ನ ಆದರೆ ಈ ಕಿವಿಗೆ ಎಂತ ಕೆಲಸ ಉಂಟು, ಹೇಳು.”

ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. “ನೀವು ಮೊದಲ ದಿನ ಧಕ್ಕೆಗೆ ಹೋದದ್ದು ಹೇಗೆ ಮಾಮಿ?” ಎಂದು ಕೇಳಿದೆ.

ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಶುರು ಮಾಡಿದರು. ಮದುವೆಯಾಗಿ ಬಂದ ವರ್ಷ, ಏಲಂನಲ್ಲಿ ಸ್ವರವೇ ಹೊರಡದೆ ಬರಿಬುಟ್ಟಿ ಹೊತ್ತು ಅಳುತ್ತಾ ಮನೆಗೆ ಬಂದದ್ದು; ಮರುದಿನ ಯಾರೂ ಇಲ್ಲದ ಕಡಲ ಬದಿಗೆ ಹೋಗಿ, ಅಲೆಗಳ ಎದುರು ನಿಂತು ಕೂಗಿ ಕೂಗಿ ಗಂಟಲು ಪಳಗಿಸಿಕೊಂಡದ್ದು! ಹೇಳುತ್ತಾ ಹೋದಂತೆ ಸ್ವರ ಏರಿತು. ಒಲೆ ಹಚ್ಚಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.

ಗಂಡ ಕೆಲಸದಿಂದ ಬಂದು, ಕತ್ತಲಲ್ಲಿ ಕೂತ ನಮ್ಮಿಬ್ಬರನ್ನು ಕಂಡು ಗಾಬರಿಯಾದರು. “ಅಮ್ಮ, ಲೈಟ್ ಹಾಕಿಲ್ಲವಾ? ಊಟಕ್ಕೆ ಎಂತ ಉಂಟು?”

ಮಾಮಿ ಕೈಯೆತ್ತಿ ಮಗನನ್ನು ತಡೆದರು.

“ಸ್ವಲ್ಪ ಸುಮ್ಮನಿರು ಮಾರಾಯ. ಅವಳು ಕೇಳ್ತಾ ಇದ್ದಾಳೆ.”