ಎರಡನೇ ಕೈಪಟ್ಟಿ

ಆಟವಾಡಿ ಸೊಂಟ ಸಡಿಲಿಸಿಕೊಳ್ಳಬಹುದು ಎಂಬ ಘನವಿಚಾರ ನನ್ನ ತಲೆಗೆ ಬಂದದ್ದೇ ತಪ್ಪು. ನಾನು ಕನ್ನಡಕದ ಗಾಜು ಅರೆಯುವವನು. ಹದಿನೆಂಟು ವರ್ಷ ಯಂತ್ರದ ಮೇಲೆ ಬಾಗಿ ಬಾಗಿ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿದೆ. (ಉತ್ತರ ಕೊಡುವವಳು ಮನೆಯಲ್ಲೇ ಇದ್ದಾಳೆ.)

"ಮಾಮೂಲಿ ವಿಡಿಯೋ ಗೇಮಲ್ಲಿ ಹೆಬ್ಬೆರಳಿಗಷ್ಟೇ ವ್ಯಾಯಾಮ ಸಾರ್. ಈ ಕೈಪಟ್ಟಿ ಕಟ್ಕೊಂಡ್ರೆ ನೀವು ಕುಣಿದ ಹಾಗೆ ಟೀವಿಯೊಳಗಿನ ಆಕೃತಿ ಕುಣಿಯುತ್ತೆ" ಎಂದ ಅಂಗಡಿಯವನು. ಎರಡು ಕೈಪಟ್ಟಿ, ಟೀವಿಯ ನೆತ್ತಿಗೊಂದು ಪುಟ್ಟ ಕ್ಯಾಮೆರಾ, ಒಂದು ನೃತ್ಯದ ಆಟ ಹೊತ್ತು ತಂದೆ.

ಹೆಂಡತಿ ದರ್ಜಿ. ಟೀವಿಯಿರುವ ಮುಂಗೋಣೆಯೇ ಅವಳ ಹೊಲಿಗೆ ಸಾಮ್ರಾಜ್ಯ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಂದಳು, "ಕೈ ಆಡಿಸೋಕೆ ಪಟ್ಟಿ ಯಾಕೆ? ಪಾತ್ರೆ ಇದೆಯಲ್ಲ."

"ಇದು ದೇಹದ ಚಲನೆ ಗ್ರಹಿಸುತ್ತೆ ಕಣೆ."

"ನಿಮ್ಮ ದೇಹದಲ್ಲಿ ಚಲನೆ ಇದ್ದರೆ ತಾನೇ."

ಎರಡನೇ ಪಟ್ಟಿಯನ್ನು ಅವಳು ಮುಟ್ಟಲಿಲ್ಲ. ಸಿಟ್ಟಿಗೆ ಅದನ್ನು ಮೂಲೆಯ ತಲೆಯಿಲ್ಲದ ಅಳತೆಬೊಂಬೆಯ ತೋಳಿಗೆ ಕಟ್ಟಿದೆ. ಬೊಂಬೆಯ ಮೈಮೇಲೆ ಬೂದುಬಣ್ಣದ ನಿಲುವಂಗಿಯಿತ್ತು. ಅದು ನೃತ್ಯದ ಟೀಚರೊಬ್ಬರಿಗಾಗಿ ಹೊಲಿಯುತ್ತಿದ್ದದ್ದು. ಇವಳು ಗುರುವಾರ, ಮುಂದಿನ ಗುರುವಾರ ಎಂದು ಸತಾಯಿಸುತ್ತಿದ್ದಾಗಲೇ ಆಕೆ ತೀರಿಕೊಂಡರು. ಆಮೇಲೆ ಇವಳು ಹೊಲಿದು ಮುಗಿಸಿದಳು. ತೆಗೆದಿಡಲು ಮಾತ್ರ ಮನಸ್ಸಾಗಲಿಲ್ಲ.

"ಅದಕ್ಕೆ ಕಟ್ಟಬೇಡಿ" ಎಂದಳು. ನಾನು ಕೇಳಿದವನೇ?

ಭಾನುವಾರದ ಮಟಮಟ ಮಧ್ಯಾಹ್ನ. ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಟೀವಿಯಲ್ಲಿ ಅಕ್ಷರ ಮೂಡಿತು: 'ಇಬ್ಬರು ಆಟಗಾರರು ಸಿದ್ಧ.' ನಕ್ಕೆ. ಸಂಗೀತ ಶುರುವಾಯಿತು. ಪಟ್ಟಿ ಕಟ್ಟಿದ್ದು ಕೈಗೆ, ನಾಲ್ಕೇ ಹೆಜ್ಜೆಗೆ ಕೈಕೊಟ್ಟದ್ದು ಸೊಂಟ. ನನ್ನ ಆಕೃತಿ ಧರಾಶಾಯಿಯಾಯಿತು. ಪಕ್ಕದ ಆಕೃತಿ ಕುಣಿಯುತ್ತಲೇ ಇತ್ತು.

ತಿರುಗಿ ನೋಡಿದೆ. ನಿಲುವಂಗಿಯ ಒಂದು ನೂಲೂ ಅಲುಗುತ್ತಿರಲಿಲ್ಲ. ಪಟ್ಟಿಯ ಹಸಿರು ದೀಪ ಮಾತ್ರ ಮಿಣುಕುತ್ತಿತ್ತು. ಬೊಂಬೆಯ ತೋಳಿನಿಂದ ಪಟ್ಟಿ ಬಿಚ್ಚಿದೆ. ಆ ಆಕೃತಿ ನಿಂತು, ನಮ್ಮ ಕಡೆ ಮುಖ ತಿರುಗಿಸಿ, ಕಾಯತೊಡಗಿತು. ಮತ್ತೆ ಕಟ್ಟಿದೆ. ಕುಣಿಯಿತು.

ಹೆಂಡತಿಯ ಬಾಯಿಂದ ಪಿನ್ನುಗಳು ಒಂದೊಂದಾಗಿ ಉದುರಿದವು. "ಎಡಗಾಲು ನೋಡಿ. ಜಾರಿ ಬಿದ್ದ ಮೇಲೆ ಡ್ಯಾನ್ಸ್ ಮೇಡಂ ಹೀಗೇ ಮೆಲ್ಲಗೆ ಊರ್ತಿದ್ರು."

"ಆಫ್ ಮಾಡ್ತೀನಿ. ನಾಳೆನೇ ವಾಪಸ್ ಕೊಟ್ಟುಬಿಡ್ತೀನಿ. ಇದನ್ನ ತಂದದ್ದೇ ದಂಡ."

"ಸುಮ್ನಿರಿ." ಅವಳು ಬೊಂಬೆಯ ಹತ್ತಿರ ಹೋಗಿ ನಿಲುವಂಗಿಯ ಕಂಕುಳು ಮುಟ್ಟಿ ನೋಡಿದಳು. "ತಡ ಮಾಡಿಬಿಟ್ಟೆ ಮೇಡಂ. ಇಲ್ಲಿ ಬಿಗಿ ಆಗ್ತಿದೆಯಾ?" ಕತ್ತರಿಯ ಮೊನೆಯಿಂದ ಎರಡು ಹೊಲಿಗೆ ಬಿಚ್ಚಿದಳು.

ಅಷ್ಟು ಹೊತ್ತು ಭುಜದ ಮಟ್ಟಕ್ಕೇ ನಿಲ್ಲುತ್ತಿದ್ದ ಆಕೃತಿಯ ತೋಳು ಮೊದಲ ಸಲ ನೆತ್ತಿಯ ಮೇಲಕ್ಕೆ ಎದ್ದಿತು.

ಹೆಂಡತಿ ಸ್ಟೂಲಿನ ಮೇಲೆ ಕುಸಿದು ಸದ್ದಿಲ್ಲದೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನತ್ತ ಕೈಚಾಚಿದಳು. "ನಿಮ್ಮ ಪಟ್ಟಿ ಕೊಡಿ."

ಅಂದಿನಿಂದ ದಿನವೂ ಆಟ. ಕೆಲಸ ಮುಗಿಸಿ ಬಂದರೆ ಬಾಗಿಲಾಚೆಗೇ ಇಬ್ಬರ ಹೆಜ್ಜೆ ಸದ್ದು ಕೇಳುತ್ತದೆ, ಒಂದು ಜೋರು, ಒಂದು ಮೆಲ್ಲಗೆ. ಬಾಗಿಲು ತೆರೆದರೆ ಒಳಗೆ ಒಬ್ಬಳೇ. ಇಂಥ ಆಟ ಕೊಳ್ಳಬಹುದೇ ಎಂದು ನಾನು ಗಾಜು ಅರೆಯುವ ಅಂಗಡಿಯ ಯಜಮಾನರು ಕೇಳುತ್ತಾರೆ. ಆಡುವವರು ಯಾರೆಂದು ಗೊತ್ತಾಗದೆ ಏನು ಹೇಳಲಿ?

ನಿನ್ನೆ ಇದ್ದಬದ್ದ ಗಂಡಸುತನವನ್ನೆಲ್ಲ ಒಟ್ಟುಗೂಡಿಸಿಕೊಂಡು ಕೋಣೆಯ ನಡುವೆ ನಿಂತೆ. ಸಂಗೀತ ತಟ್ಟನೆ ನಿಂತಿತು. ತೆರೆಯ ಮೇಲೆ ಅಕ್ಷರ ಮೂಡಿತು: 'ಆಟದ ಜಾಗದಲ್ಲಿ ಪೀಠೋಪಕರಣ ಅಡ್ಡವಿದೆ. ದಯವಿಟ್ಟು ಸರಿಸಿ.'

ಸುತ್ತಲೂ ನೋಡಿದೆ. ಕುರ್ಚಿ, ಸ್ಟೂಲು ಎಲ್ಲ ಆಗಲೇ ಅಡುಗೆಮನೆ ಸೇರಿದ್ದವು. ಹೆಂಡತಿ ನನ್ನ ಎರಡೂ ಭುಜ ಹಿಡಿದು, ಬೀರು ಸರಿಸುವಂತೆ ಒಂದು ಕಾಲು, ಇನ್ನೊಂದು ಕಾಲು ಎಂದು ಗೋಡೆಗೆ ಒತ್ತರಿಸಿದಳು.

"ಹಾಗಾದ್ರೆ ನಾನು ಆಡೋದು ಯಾವಾಗ?"

"ನನ್ನ ಕೇಳಬೇಡಿ. ಮೇಡಂನ ಕೇಳಿ."

ನಿಲುವಂಗಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಟೀವಿಯೊಳಗಿನ ಎರಡನೇ ಆಕೃತಿ ನನ್ನನ್ನೇ ನೋಡುತ್ತಾ, ನಿಧಾನವಾಗಿ ತಲೆಯನ್ನು ಅಡ್ಡಡ್ಡ ಆಡಿಸಿತು.