ಗೋಪಿನಾಥ ದೇಶ ತೋರಿಸಿದ್ದು

ತಂಗಿ ಮಧುರಾಳ ಮದುವೆಗೆ ಮೈಸೂರಿಗೆ ಹೋಗಲು ಡಿಸೆಂಬರಿನಲ್ಲಿ ಮೂರು ವಾರ ರಜೆ ಬೇಕು ಎಂದು ಗೋಪಿನಾಥ ಕೇಳಿದಾಗ, ಅವನ ಅಮೆರಿಕನ್ ಬಾಸ್ ಕ್ಲಿಫರ್ಡ್ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ತಾರೀಕು ಮರೆತು ಕೂರುತ್ತವೆ ಎಂಬ ಭಯದ ಕಾಲ ಅದು. ಅವರಿಬ್ಬರಲ್ಲಿ ಒಬ್ಬರಾದರೂ ಸದಾ ಆಫೀಸಿನಲ್ಲಿರಬೇಕೆಂದು ಮೇಲಿನವರ ಕಟ್ಟಪ್ಪಣೆಯಾಗಿತ್ತು. ಕ್ಲಿಫರ್ಡ್ ಅಂತೂ ಎಲ್ಲಿಗೂ ಹೋಗುವವನಲ್ಲ. ಬೇಸಿಗೆಯಲ್ಲಿ ನಾಲ್ಕು ದಿನ ಓಷನ್ ಸಿಟಿ ಬೀಚಿಗೆ ಹೋಗಿ, ಬೆನ್ನು ಸುಟ್ಟುಕೊಂಡು ಬಂದರೆ ಅವನ ವರ್ಷದ ಪ್ರವಾಸ ಮುಗಿಯಿತು.

"ಶನಿವಾರ ರಾಕ್‌ವಿಲ್ ಲೈಬ್ರರಿಯಲ್ಲಿ, ಇಂಡಿಯಾ ನೋಡಬೇಕು ಅನ್ನುವವರಿಗೆ ಒಂದು ಗಂಟೆ ನಿನ್ನ ದೇಶದ ಬಗ್ಗೆ ಮಾತಾಡು. ಅಲ್ಲಿನ ಕಮಿಟಿಯಲ್ಲಿ ನಾನಿದ್ದೇನೆ. ರಜೆಯ ವಿಷಯ ಆಮೇಲೆ ನೋಡೋಣ," ಎಂದ.

ಗೋಪಿನಾಥ ಒಪ್ಪಿದ. ತೊಡಕು ಒಂದೇ: ತುಮಕೂರಿನಿಂದಾಚೆಗಿನ ಇಂಡಿಯಾವನ್ನು ಅವನೂ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಡಾಕ್ಟರ್ ಮಹಾಂತಪ್ಪನವರ ಮನೆಗೆ ಹೋಗಿ ಸ್ಲೈಡುಗಳನ್ನು ಬೇಡಿದ. ಬಿಜಾಪುರದ ಕಡೆಯವರು, ಹೊಟ್ಟೆಯ ಡಾಕ್ಟರು, ಈ ದೇಶಕ್ಕೆ ಬಂದು ಮೂವತ್ತು ವರ್ಷವಾದರೂ ಊರಿನ ಮಾತು ಬಿಟ್ಟವರಲ್ಲ. ಸ್ಲೈಡು ತುಂಬಿದ ಪ್ರೊಜೆಕ್ಟರಿನ ಚಕ್ರವನ್ನು ಒಂದು ಚೀಲದಲ್ಲಿಟ್ಟು ಕೊಟ್ಟರು.

"ಮೊದಲ ಗೋಲಗುಮ್ಮಟ ತೋರಸು. ಆಮ್ಯಾಲ ಬಾದಾಮಿ. ತಾಜಮಹಲ ಕಡೀಕ ಇರಲಿ, ಅದನ್ನ ಎಲ್ಲಾರೂ ನೋಡ್ಯಾರ. ನಾನೂ ಬರ್ತೀನಿ."

ಲೈಬ್ರರಿಗೆ ಹೊರಟಾಗ ಕೆಳಗಿನ ಅಪಾರ್ಟ್‌ಮೆಂಟಿನ ವಸಂತಾ ಆಂಟಿ ರೇಷ್ಮೆ ಸೀರೆಯುಟ್ಟು ಕಾರಿನ ಪಕ್ಕದಲ್ಲಿ ನಿಂತಿದ್ದರು.

"ನೀನು ಟೆನ್ಷನ್ ಮಾಡ್ಕೋತೀಯ, ನಾನಿರ್ತೀನಿ," ಎಂದು ಹತ್ತಿ ಕೂತರು. ಅವನಿಗೆ ಟೆನ್ಷನ್ ಶುರುವಾದದ್ದೇ ಆಗ.

ಆಂಟಿ ದಾರಿಯುದ್ದಕ್ಕೂ ಒಂದೊಂದೇ ಸ್ಲೈಡು ತೆಗೆದು ಬೆಳಕಿಗೆ ಹಿಡಿದರು. "ಹಸು. ಇದು ಬೇಡ. ಅಯ್ಯೋ, ಟ್ರೈನ್ ಮೇಲೆ ಜನ! ಇದಂತೂ ಬೇಡವೇ ಬೇಡ. ಭಿಕ್ಷುಕ. ತೆಗಿ ಆಚೆ."

"ಆಂಟಿ, ಹೀಗೆ ತೆಗೀತಾ ಹೋದ್ರೆ ಇಂಡಿಯಾನೇ ಖಾಲಿಯಾಗತ್ತೆ!"

"ಖಾಲಿ ಯಾಕಾಗತ್ತೆ? ಚೀಲದಲ್ಲಿ ಇನ್ನೊಂದು ಡಬ್ಬ ಇದೆ, ಅದರಿಂದ ತುಂಬಿಸ್ತೀನಿ. ನೀನು ರೋಡ್ ನೋಡು."

ಸಭಾಂಗಣದ ತುಂಬ ನರೆತ ತಲೆಗಳು, ಹತ್ತಿಹೊಲದ ಹಾಗೆ. ಮುಂದಿನ ಸಾಲಿನಲ್ಲಿ ಕ್ಲಿಫರ್ಡ್, ಮಡಿಲಲ್ಲಿ ಲೈಬ್ರರಿಯವರು ಕೊಟ್ಟ ಪಾಪ್‌ಕಾರ್ನ್. ಗೋಲಗುಮ್ಮಟ ಸಾಂಗವಾಗಿ ಮುಗಿಯಿತು. ಬಾದಾಮಿಯ ಕೆಂಪು ಬಂಡೆ ಬಂತು, ಎಲ್ಲರೂ ಆಹಾ ಎಂದರು. ಮುಂದಿನ ಸ್ಲೈಡಿನಲ್ಲಿ ನುಣ್ಣಗೆ ಹೊಳೆಯುವ, ಬಳುಕುತ್ತ ಒಳಹೋಗುವ ಒಂದು ಕೆಂಪು ಸುರಂಗ.

"ಇದು ಅದೇ ಗುಹೆಯ ಒಳಗಡೆ," ಎಂದ ಗೋಪಿನಾಥ, ತಡವರಿಸದೆ. "ಆರನೆಯ ಶತಮಾನದ್ದು. ಒಳಗೆ ತುಂಬಾ ತಂಪಾಗಿರುತ್ತದೆ."

"ಬರಿಗಾಲಲ್ಲಿ ಹೋಗಬೇಕೇ?" ಒಬ್ಬ ಅಜ್ಜಿ ಕೇಳಿದಳು.

"ಹೌದು ಮೇಡಂ. ಚಪ್ಪಲಿ ಹೊರಗೆ ಬಿಡಬೇಕು."

ಹಿಂದಿನ ಸಾಲಿನಲ್ಲಿ ಮಹಾಂತಪ್ಪನವರು ದಡಕ್ಕನೆ ಎದ್ದರು. "ಏ ತಮ್ಮಾ! ಅದು ಬಾದಾಮಿ ಅಲ್ಲಪಾ, ನನ್ನ ಪೇಷಂಟಿನ ಕರಳು!"

ಅಷ್ಟಕ್ಕೇ ಬಿಡದೆ ಸಭೆಗೆ ಇಂಗ್ಲಿಷಿನಲ್ಲೂ ಅರ್ಥ ಹೇಳಿದರು.

ಅಜ್ಜಿ ಬಹಳ ಹೊತ್ತು ತೆರೆಯನ್ನೇ ನೋಡಿದಳು. "ಪಾಪ. ಇಂಡಿಯಾದ ನೀರು ಕುಡಿದು ಬಂದವನೇ?"

ಇಬ್ಬರು ಮೂವರು ಮೆಲ್ಲನೆ ಕೋಟು ಕೈಗೆತ್ತಿಕೊಂಡರು. ಕ್ಲಿಫರ್ಡ್ ತಲೆಯೆತ್ತಿ ಸೂರು ನೋಡತೊಡಗಿದ. ಮಧುರಾಳ ಮದುವೆ ಗೋಪಿನಾಥನ ಕಣ್ಣೆದುರಿಗೇ ದೂರ ದೂರ ಸರಿಯಿತು.

ಆಗ ಎದ್ದರು ವಸಂತಾ ಆಂಟಿ. "ಕಲ್ಲು ನೋಡೋದಕ್ಕೆ ಯಾಕೆ ಅಷ್ಟು ದೂರ ಹೋಗ್ತೀರ? ನಮ್ಮ ದೇಶ ನೋಡಬೇಕಾದ್ರೆ ಮದುವೆಗೆ ಬನ್ನಿ! ಡಿಸೆಂಬರ್ ಹನ್ನೊಂದಕ್ಕೆ ಮೈಸೂರಲ್ಲಿ ಇವನ ತಂಗಿ ಮದುವೆ. ನೀವೆಲ್ಲ ಬರಲೇಬೇಕು!"

ನಮ್ಮಲ್ಲಿ ಈ ಮಾತಿಗೆ "ಆಗಲಿ, ನೋಡೋಣ" ಎಂದು ಮನೆಗೆ ಹೋಗುವುದು ರೂಢಿ. ಕರೆದವರೂ ಮರೆಯುತ್ತಾರೆ, ಕರೆಸಿಕೊಂಡವರೂ ಮರೆಯುತ್ತಾರೆ. ರಾಕ್‌ವಿಲ್ಲಿನವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಕೋಟುಗಳು ಮತ್ತೆ ಕುರ್ಚಿಗೆ ಮರಳಿದವು. ಆಂಟಿ ಬಾಳೆಯೆಲೆ ಹಾಸಿದರು, ಓಲಗ ಊದಿಸಿದರು, ಎಲ್ಲ ಬರಿಯ ಬಾಯಲ್ಲೇ. ಕೊನೆಗೆ ಕ್ಲಿಫರ್ಡನ ಪಾಪ್‌ಕಾರ್ನಿಗೆ ಕೈ ಹಾಕಿದರು. "ನಮ್ಮ ಅರಳು ಹೀಗೇ ಇರತ್ತೆ. ಹೋಮದ ಮುಂದೆ ಹುಡುಗಿ ಬೊಗಸೆ ಹಿಡೀತಾಳೆ, ಅವಳ ಅಣ್ಣ ಅದಕ್ಕೆ ಅರಳು ಸುರೀತಾನೆ, ಅವಳು ಬೆಂಕಿಗೆ ಹಾಕ್ತಾಳೆ."

"ಅಣ್ಣ ಇಲ್ಲದಿದ್ದರೆ?" ಕ್ಲಿಫರ್ಡ್ ಕೇಳಿದ.

"ಅಣ್ಣನ ಸ್ಥಾನದಲ್ಲಿ ಯಾರು ನಿಂತ್ರೂ ನಡಿಯತ್ತೆ."

ಚಪ್ಪಾಳೆ ಜೋರಾಗಿಯೇ ಬಿತ್ತು. ಕ್ಲಿಫರ್ಡ್ ಬಂದು ಗೋಪಿನಾಥನ ಕೈ ಕುಲುಕಿದ. "ಅದ್ಭುತ! ಡಿಸೆಂಬರಿನ ಮೂರು ವಾರ ರಜೆ ಖಾಯಂ."

ಗೋಪಿನಾಥ ಮನಸ್ಸಿನಲ್ಲೇ ಸೂಟ್‌ಕೇಸ್ ತುಂಬಿ ಬೀಗ ಹಾಕಿದ. "ಥ್ಯಾಂಕ್ಸ್ ಕ್ಲಿಫ್! ಮಧುರಾಗೆ ಎಷ್ಟು ಖುಷಿಯಾಗುತ್ತೋ!"

"ನನಗೂ ಅವಳನ್ನು ನೋಡುವ ಆಸೆ," ಎಂದ ಕ್ಲಿಫರ್ಡ್. "ಇಪ್ಪತ್ತು ವರ್ಷದಲ್ಲಿ ನಾನು ತೆಗೆದುಕೊಳ್ಳುತ್ತಿರುವ ಮೊದಲ ದೊಡ್ಡ ರಜೆ ಇದು. ಆಫೀಸಿನಲ್ಲಿ ನೀನಿರುತ್ತೀಯಲ್ಲ, ಚಿಂತೆಯಿಲ್ಲ. ಅಲ್ಲಿ ನಿನ್ನ ಜಾಗವನ್ನು ನಾನು ನೋಡಿಕೊಳ್ಳುತ್ತೇನೆ."

ಗೋಪಿನಾಥ ಬಾಯಿ ತೆರೆದ.

"ಬಾಯಲ್ಲ, ಕೈ! ಪಾಪ, ಅವರಿಗೆ ಅಭ್ಯಾಸ ಆಗ್ಬೇಡ್ವಾ?" ಎಂದು ವಸಂತಾ ಆಂಟಿ ಅವನ ಎರಡೂ ಕೈ ಜೋಡಿಸಿ ಬೊಗಸೆ ಮಾಡಿಸಿದರು. ಕ್ಲಿಫರ್ಡ್ ಬೂಟು ಬಿಚ್ಚಿಟ್ಟು ಬಂದು, ಒಂದು ಕಾಳೂ ಕೆಳಗೆ ಬೀಳದ ಹಾಗೆ, ಅದರ ತುಂಬ ಪಾಪ್‌ಕಾರ್ನ್ ಸುರಿದ.